ಅಂಗಳದ ಅಡಿಕೆ, ಬೆಂಗಳೂರಿನ ಫೋನು

ಶಿರಸಿ ಕಡೆಯ ಒಂದು ತೋಟದ ಮನೆ. ಅಂಗಳದ ತುಂಬ ಚಾಲಿ ಅಡಿಕೆ ಹರವಿದೆ. ನಾಲ್ಕು ಕ್ಯಾಮೆರಾ, ಜಗಲಿಯ ಕಪಾಟಿನಲ್ಲಿ ಅವುಗಳ ಚಿತ್ರ ದಾಖಲಿಸುವ ಒಂದು ಡಿವಿಆರ್, ಹೊಸದಾಗಿ ಬಂದ ಫೈಬರ್ ಇಂಟರ್ನೆಟ್. ಮನೆಯ ಟಿವಿಯಲ್ಲಿ ಚಿತ್ರ ಚೊಕ್ಕವಾಗಿದೆ. ಬೆಂಗಳೂರಿನಲ್ಲಿರುವ ಮಗಳ ಫೋನಿನಲ್ಲಿ ಮಾತ್ರ ‘ಡಿವೈಸ್ ಆಫ್‌ಲೈನ್’. ನಮಗಿಂತ ಮೊದಲು ರಿಪೇರಿಗೆ ಬಂದವರು ಮೂರು ಸಲ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆ ಡಿವಿಆರ್ ಮುಟ್ಟಲೆಂದು ರೌಟರಿನಲ್ಲಿ ಬಾಗಿಲು ತೆರೆಯುವುದು) ಮಾಡಿ ಕೈಚೆಲ್ಲಿದ್ದರು. ರೌಟರಿನ ಪುಟದಲ್ಲಿ ಆ ಸಾಲುಗಳು ಹಾಗೇ ಇದ್ದವು: 80, 554, 8000.

ಇಂಥ ಕಡೆ ಡಿವಿಆರ್ ಮುಟ್ಟುವ ಮೊದಲು ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಕಂಪನಿ ರೌಟರಿಗೆ ಕೊಟ್ಟ ವಿಳಾಸ, ನೋಡಬೇಕು. ಅಲ್ಲಿದ್ದ ಸಂಖ್ಯೆ 100.72ರಿಂದ ಶುರುವಾಗುತ್ತಿತ್ತು. ಅದೇ ವೈಫೈಯಲ್ಲಿದ್ದ ಫೋನಿನಲ್ಲಿ ‘ನನ್ನ ಐಪಿ ಯಾವುದು’ ಎಂದು ಗೂಗಲ್ ಮಾಡಿದರೆ ಬೇರೆಯೇ ಸಂಖ್ಯೆ. ಎರಡೂ ತಾಳೆಯಾಗಲಿಲ್ಲ ಎಂದರೆ ಅಲ್ಲಿಗೆ ಪೋರ್ಟ್ ಫಾರ್ವರ್ಡಿಂಗಿನ ಕಥೆ ಮುಗಿಯಿತು. ಐಪಿವಿ4 ವಿಳಾಸಗಳ ಕೊರತೆಯಿಂದ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು 2012ರಲ್ಲಿ ಇದಕ್ಕೆಂದೇ ಎತ್ತಿಟ್ಟಿದ್ದಾರೆ. ವಠಾರದ ಹೊರಗೇಟಿಗೆ ಬೀಗ ಬಿದ್ದಿರುವಾಗ ಒಳಗೆ ನಮ್ಮ ಮನೆ ಬಾಗಿಲು ತೆರೆದಿಟ್ಟಂತೆ ಇದು. ಡಿಡಿಎನ್‌ಎಸ್ (ಬದಲಾಗುವ ಐಪಿಗೆ ಒಂದು ಖಾಯಂ ಹೆಸರು) ಹಾಕಿದರೂ ಅಷ್ಟೇ, ಬಂದವನು ಗೇಟಿನ ಹೊರಗೇ ನಿಲ್ಲುತ್ತಾನೆ. ನಮಗೇ ಮೀಸಲಾದ, ಬದಲಾಗದ ಸ್ಟಾಟಿಕ್ ಐಪಿ ಬೇಕೆಂದರೆ ಬೇರೆ ದುಡ್ಡು.

ಸಾರ್ವಜನಿಕ ಐಪಿ ಇದ್ದರೂ ಆ ಪೋರ್ಟುಗಳನ್ನು ತೆರೆಯಬಾರದು ಎಂಬ ಪಕ್ಷ ನಮ್ಮದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಟರ್ನೆಟ್ಟಿನ ಕಡೆಗೆ ಬಾಗಿಲು ತೆರೆದಿದ್ದ, ಕಾರ್ಖಾನೆಯ ಪಾಸ್‌ವರ್ಡೇ ಉಳಿದಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದು ಸೈನ್ಯ ಕಟ್ಟಿತ್ತು. ಹಾಗಾಗಿ ಮೂರೂ ಸಾಲು ಅಳಿಸಿ, ತಾನಾಗಿಯೇ ಪೋರ್ಟ್ ತೆರೆಯುವ ಯುಪಿಎನ್‌ಪಿ ಆಫ್ ಮಾಡಿದ್ದಾಯಿತು. ಉಳಿದದ್ದು ಪಿ2ಪಿ. ಇದರಲ್ಲಿ ಡಿವಿಆರ್ ತಾನೇ ಹೊರಗಿನ ಸರ್ವರಿಗೆ ಕರೆ ಮಾಡಿ ಕಾದಿರುತ್ತದೆ. ಒಳಗಿನಿಂದ ಹೊರಟ ಕರೆಯನ್ನು ಸಿಜಿನ್ಯಾಟ್ ತಡೆಯುವುದಿಲ್ಲ. ಮೂರನೆಯವರ ಸರ್ವರಿನ ಮೇಲೆ ನಂಬಿಕೆ ಇಡಬೇಕು ಎಂಬುದೊಂದು ಕೊರತೆ. ಅದು ಬೇಡವಾದವರು ಮನೆಗೆ ಖಾಸಗಿ ಸುರಂಗದಂಥ ವಿಪಿಎನ್ ಹಾಕಿಕೊಳ್ಳಬಹುದು. ಆದರೆ ಮನೆಯಲ್ಲಿ ಅದನ್ನು ನೋಡಿಕೊಳ್ಳುವವರು ಬೇಕಲ್ಲ.

ಪಿ2ಪಿ ಆನ್ ಮಾಡಿದರೂ ಆಫ್‌ಲೈನ್! ಡಿವಿಆರ್‌ನ ನೆಟ್‌ವರ್ಕ್ ಮೆನು ತೆರೆದಾಗ ಗುಟ್ಟು ಸಿಕ್ಕಿತು. ಅದರ ಐಪಿ 192.168.0.100, ಗೇಟ್‌ವೇ (ಹೊರಹೋಗುವ ದಾರಿ, ಅಂದರೆ ರೌಟರಿನ ವಿಳಾಸ) 192.168.0.1. ಫೈಬರಿನ ಜೊತೆ ಬಂದ ಹೊಸ ರೌಟರ್ ಇದ್ದದ್ದು 192.168.1.1ರಲ್ಲಿ. ಡಿವಿಆರ್ ಹುಡುಕುತ್ತಿದ್ದ ದಾರಿಯೇ ಅಲ್ಲಿರಲಿಲ್ಲ. ಲ್ಯಾನ್ ವೈರಿನ ದೀಪ ಮಿಣಮಿಣ ಎನ್ನುತ್ತಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಆ ದೀಪ ವೈರು ಸರಿಯಿದೆ ಎಂದಷ್ಟೇ ಹೇಳುತ್ತದೆ. ಟಿವಿಯ ಚಿತ್ರವನ್ನೂ ನಂಬುವಂತಿಲ್ಲ, ಅದಕ್ಕೆ ಇಂಟರ್ನೆಟ್ಟೇ ಬೇಡ. ವಿಳಾಸವನ್ನು ರೌಟರೇ ಕೊಡಲೆಂದು ಡಿಎಚ್‌ಸಿಪಿಗೆ ಟಿಕ್ ಹಾಕಿದೆವು, 192.168.1.7 ಸಿಕ್ಕಿತು. ಮುಂದೆ ಅದು ಬದಲಾಗದಂತೆ ಮ್ಯಾಕ್ ವಿಳಾಸ (ಡಿವಿಆರ್‌ನ ಸ್ವಂತ ಗುರುತಿನ ಸಂಖ್ಯೆ) ಕೊಟ್ಟು ರೌಟರಿನಲ್ಲೇ ಕಾಯ್ದಿರಿಸಿ, ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ 8.8.8.8 ಬರೆದದ್ದೇ ತಡ, ಒಂದು ನಿಮಿಷದೊಳಗೆ ‘ಆನ್‌ಲೈನ್’.

ಕ್ಯೂಆರ್ ಸ್ಕ್ಯಾನ್ ಮಾಡಿದರೆ ಇನ್ನೊಂದು ತಕರಾರು: ‘ಈ ಡಿವೈಸ್ ಬೇರೆ ಖಾತೆಗೆ ಸೇರಿದೆ’. ಹಿಂದಿನವರು ಪರೀಕ್ಷೆಗೆಂದು ತಮ್ಮದೇ ಖಾತೆಗೆ ಸೇರಿಸಿಕೊಂಡು ಬಿಡಿಸುವುದನ್ನು ಮರೆತಿದ್ದರು. ಅವರಿಗೆ ಫೋನ್ ಮಾಡಿ ಅಳಿಸಿ ಎಂದ ಮೇಲೆ ಕೆಲಸ ಮುಂದುವರಿಯಿತು. ಖಾತೆ ಯಾವಾಗಲೂ ಮನೆಯವರ ನಂಬರಿನಲ್ಲೇ ಇರಬೇಕು. ಮಕ್ಕಳಿಗೆ ಅಲ್ಲಿಂದ ಶೇರ್ ಮಾಡಿದರಾಯಿತು, ಅದೂ ಲೈವ್ ಮತ್ತು ಪ್ಲೇಬ್ಯಾಕ್ ಅನುಮತಿ ಮಾತ್ರ. ಅಡ್ಮಿನ್ ಪಾಸ್‌ವರ್ಡ್ ಅಡಿಕೆ ಲೆಕ್ಕದ ಪುಸ್ತಕದ ಕೊನೆ ಪುಟಕ್ಕೆ ಹೋಯಿತು. ಅಂತೂ ಕಳೆಯದ ಜಾಗ.

ಈಗ ಚಿತ್ರ ಬಂತು, ಆದರೆ ಗಿರಗಿರ ಸುತ್ತಿ ನಿಲ್ಲುತ್ತಿತ್ತು. 2 ಮೆಗಾಪಿಕ್ಸೆಲ್ ಮೇನ್ ಸ್ಟ್ರೀಮ್ (ಪೂರ್ಣ ಗುಣಮಟ್ಟದ ಚಿತ್ರ) ಒಂದಕ್ಕೆ 4 ಎಂಬಿಪಿಎಸ್ ಇಟ್ಟಿದ್ದರು, ನಾಲ್ಕಕ್ಕೆ 16. ಇದು ಮನೆಯಿಂದ ಹೊರಹೋಗುವ ಅಪ್‌ಲೋಡ್ ಲೆಕ್ಕ. ನಾವು ವೇಗ ಎಂದು ಹೆಮ್ಮೆಪಡುವ ಡೌನ್‌ಲೋಡ್ ಇಲ್ಲಿ ಉಪಯೋಗಕ್ಕೆ ಬಾರದು. ಫೋನಿಗೆ ಕಳಿಸುವ ಹಗುರ ಸಬ್ ಸ್ಟ್ರೀಮನ್ನು 512 ಕೆಬಿಪಿಎಸ್, ಸೆಕೆಂಡಿಗೆ 12 ಫ್ರೇಮ್ ಮಾಡಿದಾಗ ನಾಲ್ಕೂ ಸೇರಿ 2 ಎಂಬಿಪಿಎಸ್‌ಗೆ ಇಳಿಯಿತು. ರೆಕಾರ್ಡಿಂಗ್ ಮೇನ್ ಸ್ಟ್ರೀಮಿನಲ್ಲೇ ಉಳಿಯಿತು. ಕಡಿಮೆ ಜಾಗದಲ್ಲಿ ಚಿತ್ರ ಹಿಡಿಸುವ ಎಚ್.265ಕ್ಕೆ ಬದಲಿಸಿ ತಲಾ 2 ಎಂಬಿಪಿಎಸ್ ಇಟ್ಟರೆ ನಾಲ್ಕು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 86 ಜಿಬಿ, 1 ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನ.

ಪರೀಕ್ಷೆ ಮನೆಯ ವೈಫೈಯಲ್ಲಿ ಮಾಡಿದರೆ ಪರೀಕ್ಷೆಯೇ ಅಲ್ಲ, ಮೊಬೈಲ್ ಡೇಟಾದಲ್ಲೇ ನೋಡಬೇಕು. ಈ ಮನೆಯಲ್ಲಿ ಸಿಗ್ನಲ್ ಬೇಕಾದರೆ ಬೆಟ್ಟ ಹತ್ತಬೇಕು. ಹಾಗಾಗಿ ವಾಟ್ಸ್‌ಆ್ಯಪ್ ಕರೆಯಲ್ಲಿ ಮಗಳೇ ನಮ್ಮ ಕಣ್ಣು.

ಕೊನೆಗೆ ಮೇನ್ ಸ್ವಿಚ್ ಕೆಳಗಿಳಿಸಿ ನೋಡಿದೆವು. ಡಿವಿಆರ್, ಕ್ಯಾಮೆರಾದ ಪವರ್ ಸಪ್ಲೈ ಎರಡೂ ಇನ್ವರ್ಟರಿನಲ್ಲಿದ್ದವು, ಆರಲಿಲ್ಲ. ಫೈಬರ್ ರೌಟರಿನ ಪ್ಲಗ್ ಮಾತ್ರ ಇನ್ವರ್ಟರಿಲ್ಲದ ಸಾಲಿನದು. ಮಾತಾಡುತ್ತಿದ್ದ ಕರೆಯೂ ಅರ್ಧಕ್ಕೇ ಕಡಿಯಿತು. ರೌಟರಿನ ಅಡಾಪ್ಟರ್ ಮೇಲೆ 12 ವೋಲ್ಟ್, 1.5 ಆಂಪಿಯರ್ ಎಂದಿತ್ತು. ಅದಕ್ಕೆ ತಕ್ಕಂತೆ 12 ವೋಲ್ಟ್, 2 ಆಂಪಿಯರ್‌ನ ಮಿನಿ ಯುಪಿಎಸ್ ಸಿಕ್ಕಿಸಿ ಮತ್ತೆ ಸ್ವಿಚ್ ಇಳಿಸಿದೆವು. ಈ ಸಲ ಕರೆ ಕಡಿಯಲಿಲ್ಲ.

“ಅಪ್ಪಾ, ಕರೆಂಟು ತೆಗೆದ್ರಾ ಇನ್ನೂ ಇಲ್ವಾ?” ಎಂದಳು ಮಗಳು. “ಅದಿರ್ಲಿ, ಮೊದಲು ಅಂಗಳಕ್ಕೆ ಓಡಿ. ಎರಡು ಮಂಗ ಇಳಿದಿವೆ.”