ಗೋಕರ್ಣಕ್ಕೆ ಬಸ್ಸಿನಲ್ಲೇ ಯಾಕೆ?

‘ರೈಲಿದೆ, ಕಾರೂ ಇದೆ. ಗೋಕರ್ಣಕ್ಕೆ ಹೋಗೋಕೆ ಆ ಶಿರಸಿ ಘಟ್ಟದ ಬಸ್ಸೇ ಯಾಕೆ?’ ಮನೆಯಲ್ಲಿ ಕೇಳುತ್ತಾರೆ, ಆಫೀಸಿನಲ್ಲಿ ಕೇಳುತ್ತಾರೆ, ಮದುವೆಯೂಟದ ಪಂಕ್ತಿಯಲ್ಲೂ ಕೇಳಿದ್ದಾರೆ.

ನದಿಗಾಗಿ. ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ. ಸಮುದ್ರ ಸೇರುವುದು ಗೋಕರ್ಣದ ಪಕ್ಕದ ತದಡಿಯಲ್ಲಿ. ನನ್ನ ಬಸ್ಸೂ ಅಲ್ಲಿಂದ ಹೊರಟು ಇಲ್ಲಿಗೇ ಬರುತ್ತದೆ. ನದಿ ಬೇರೆ ದಾರಿಯಲ್ಲಿ ಸುತ್ತಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಇಳಿಯುತ್ತದೆ. ಬಸ್ಸು ದೇವಿಮನೆ ಘಟ್ಟದಲ್ಲಿ ತಿರುಗಿ ತಿರುಗಿ ಇಳಿಯುತ್ತದೆ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಶಿರಸಿಯಲ್ಲಿ ಇಳಿದರೆ ಚಳಿ ಚಳಿ. ಚಹಾ ಕುಡಿದು ಕುಮಟಾ ಬಸ್ಸು ಹತ್ತುತ್ತೇನೆ. ಸುಮಾರು 60 ಕಿಲೋಮೀಟರ್. ಕಿಟಕಿ ಪಕ್ಕದ ಸೀಟು ಬೇಕೇ ಬೇಕು. ಮೊದಲು ಅಡಿಕೆ ತೋಟಗಳು, ಅವುಗಳ ಮೇಲೆ ಸೊಪ್ಪಿನ ಬೆಟ್ಟ. ತೋಟಕ್ಕೆ ಹಾಕುವ ಸೊಪ್ಪು ಬರುವುದು ಅಲ್ಲಿಂದಲೇ. ಶಾಲೆ ಮಕ್ಕಳು ಹತ್ತುತ್ತಾರೆ, ಎರಡು ಸ್ಟಾಪ್ ದಾಟಿ ಇಳಿಯುತ್ತಾರೆ. ರಾಗಿಹೊಸಳ್ಳಿ ಕಳೆದ ಮೇಲೆ ಕಾಡು ಹತ್ತಿರ ಬರುತ್ತದೆ. ದೇವಿಮನೆಯಲ್ಲಿ ಚಾಲಕರು ಕೈಮುಗಿಯುತ್ತಾರೆ, ಬಸ್ಸಿನಲ್ಲಿ ಅರ್ಧ ಜನ ಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ.

ಆಮೇಲೆ ಇಳಿಜಾರು. ಒಂದೊಂದು ತಿರುವಿಗೂ ಹವೆ ಬದಲಾಗುವುದು ಮೈಗೇ ಗೊತ್ತಾಗುತ್ತದೆ. ಕಿವಿ ಕಟ್ಟುತ್ತದೆ. ಮೊದಲು ಸ್ವೆಟರ್ ಬಿಚ್ಚುತ್ತೇನೆ. ಕತಗಾಲ ಬರುವ ಹೊತ್ತಿಗೆ ಸೆಕೆ ಶುರು, ಕಿಟಕಿಯಾಚೆ ತೆಂಗು. ಒಂದೇ ಬೆಳಗ್ಗೆ ಎರಡು ಊರಿನ ಹವೆ! ಕಾರಿನಲ್ಲಿ ಎಸಿ ಹಾಕಿಕೊಂಡರೆ ಇದು ಸಿಗಲ್ಲ ಅಲ್ವಾ?

ಒಂದು ಮಾತು. ಮಳೆಗಾಲದಲ್ಲಿ ಹೋಗುವುದಾದರೆ ಘಟ್ಟದ ರಸ್ತೆ ತೆರೆದಿದೆಯಾ ಎಂದು ಮೊದಲೇ ವಿಚಾರಿಸಿ. ಒಂದು ಜುಲೈಯಲ್ಲಿ ಮಣ್ಣು ಕುಸಿದು ನಾವು ಎರಡು ಗಂಟೆ ಕಾದಿದ್ದೆವು. ಮುಂದಿನ ಸೀಟಿನ ಅಜ್ಜಿ ತಮ್ಮ ಬುತ್ತಿಯಿಂದ ನನಗೂ ತೆಳ್ಳೇವು, ಅಂದರೆ ತೆಳು ದೋಸೆ, ಕೊಟ್ಟರು.

ಕುಮಟಾದಲ್ಲಿ ಬಸ್ಸು ಬದಲಿಸಿ ಗೋಕರ್ಣದ ಕಡೆ ಹೊರಟರೆ ದೀವಗಿ ಸೇತುವೆ. ಕೆಳಗೆ ಅಘನಾಶಿನಿ. ಶಿರಸಿಯಲ್ಲಿ ಒಂದು ಹೊಂಡ, ಇಲ್ಲಿ ನೋಡಿದರೆ ಅಷ್ಟಗಲ! ಇದರ ಮೇಲೆ ದೊಡ್ಡ ಅಣೆಕಟ್ಟು ಇನ್ನೂ ಬಂದಿಲ್ಲ. ಮುಂದೆ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಸೇರುವ ಗಜನಿ ಗದ್ದೆಗಳಿವೆ. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನು ತಡೆದುಕೊಳ್ಳುತ್ತದೆ. ಬಳಚು ಎಂಬ ಚಿಪ್ಪುಜೀವಿ ಹೆಕ್ಕಿ ಬದುಕುವ ಮನೆಗಳೂ ಎಷ್ಟೋ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ನದಿಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ಎದ್ದಾಗೆಲ್ಲ ಹೊಟ್ಟೆಯಲ್ಲಿ ಸಂಕಟ. ಮೇಲಿಂದ ಸಿಹಿನೀರು ಬರದಿದ್ದರೆ ಕಗ್ಗವೂ ಉಳಿಯಲ್ಲ, ಬಳಚೂ ಉಳಿಯಲ್ಲ.

ಗೋಕರ್ಣದಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡುತ್ತೇನೆ. ಮಹಾಬಲೇಶ್ವರನ ದರ್ಶನ, ರಥಬೀದಿಯಲ್ಲಿ ಊಟ, ಗುಡ್ಡ ಹತ್ತಿ ಕುಡ್ಲೆ ಕಡಲತೀರಕ್ಕೆ. ಅಲ್ಲಿ ಮರಳಿನ ಮೇಲೆ ಸುಮ್ನೆ ಕೂರುತ್ತೇನೆ. ಆದರೆ ಮರುದಿನ ಬೆಳಗ್ಗೆ ಮಾತ್ರ ತಪ್ಪದೆ ತದಡಿಗೆ ಹೋಗುತ್ತೇನೆ. ಆಚೆ ದಡದಲ್ಲಿ ಅಘನಾಶಿನಿ ಎಂಬ ಊರು. ದೋಣಿಯಲ್ಲಿ ಕೂತು ನೀರಿಗೆ ಕೈ ಇಳಿಬಿಟ್ಟು, ಒಂದು ಹನಿ ನಾಲಿಗೆಗೆ ಹಚ್ಚಿಕೊಳ್ಳುತ್ತೇನೆ. ಉಪ್ಪು.