ಎಣ್ಣೆ ಇಲ್ಲ ನಿಜ, ಕರೆಂಟ್ ಇದೆಯಲ್ಲ!

ನಾನು ನೋಡಿಕೊಳ್ಳುವ ಆಫೀಸ್ ಕಟ್ಟಡದ ಬೇಸ್‌ಮೆಂಟ್‌ನಲ್ಲಿ ಇರುವುದು ಕಾಸ್ಟ್ ರೆಸಿನ್ ಡ್ರೈ ಟೈಪ್ ಟ್ರಾನ್ಸ್‌ಫಾರ್ಮರ್, ಅಂದರೆ ಎಣ್ಣೆಯಲ್ಲಿ ಮುಳುಗಿಸುವ ಬದಲು ಕಾಯಿಲ್‌ಗಳನ್ನು ಗಟ್ಟಿ ರೆಸಿನ್‌ನಲ್ಲಿ ಎರಕ ಹೊಯ್ದದ್ದು. 11 ಕೆವಿ (11 ಸಾವಿರ ವೋಲ್ಟ್) ಒಳಗೆ, 433 ವೋಲ್ಟ್ ಹೊರಗೆ. ಇದರ ಬಗ್ಗೆ ನನಗೆ ನಿಜವಾಗಲೂ ಗೌರವ ಇದೆ. ಹಿಂದೆ ಕೆಲಸ ಮಾಡಿದ ಕಡೆ ಎಣ್ಣೆಯದ್ದಿತ್ತು. ಗ್ಯಾಸ್ಕೆಟ್ ಸಂದಿಯಿಂದ ತೊಟ್ಟಿಕ್ಕಿ ಕೆಳಗಿನ ಜಲ್ಲಿ ಕಪ್ಪಾಗಿತ್ತು. ಮಳೆ ಬಂದರೆ ಚರಂಡಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಒಳಗೆ ಫಾಲ್ಟ್ ಆಗಿ ಟ್ಯಾಂಕ್ ಸೀಳಿದರೆ ನೂರಾರು ಲೀಟರ್ ಎಣ್ಣೆ ಹೊತ್ತಿಕೊಳ್ಳುವ ಭಯ ಬೇರೆ. ಜನ ತುಂಬಿದ ಕಟ್ಟಡದ ಅಡಿಯಲ್ಲಿ ಅದು ಬೇಕಾ? ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳೇ ವಸತಿ, ವಾಣಿಜ್ಯ ಕಟ್ಟಡದ ಒಳಗೆ ಡ್ರೈ ಟೈಪೇ ಇರಬೇಕು ಅಂದಿದ್ದವು. ರೆಸಿನ್‌ಗೆ ಬೆಂಕಿ ತಗುಲಿದರೂ ತಾನಾಗಿ ಆರುತ್ತದೆ. ಸೋರುವುದಕ್ಕೆ ಏನೂ ಇಲ್ಲ.

ಆದರೆ ಈ ಒಳ್ಳೆಯ ಗುಣಗಳನ್ನೇ ಹೇಳಿ ಹೇಳಿ, ಇದು ಏನೂ ಮಾಡದ ವಸ್ತು ಅನ್ನೋ ಭಾವನೆ ನಮ್ಮಲ್ಲೇ ಬೆಳೆದುಬಿಟ್ಟಿತ್ತು.

ಆವತ್ತು ಆಡಿಟ್‌ಗೆ ಒಂದೇ ದಿನ ಬಾಕಿ. ರೀಡಿಂಗ್ ತಗೊಳ್ಳೋಕೆ ಕೆಳಗೆ ಹೋದೆ. ಟ್ರಾನ್ಸ್‌ಫಾರ್ಮರ್ ಸುತ್ತಲಿನ ಎನ್‌ಕ್ಲೋಷರ್ ಪೆಟ್ಟಿಗೆಯ ಬಾಗಿಲು ತೆರೆದಿದೆ. ಹೌಸ್‌ಕೀಪಿಂಗ್ ಹುಡುಗ ಒದ್ದೆ ಬಟ್ಟೆ ಹಿಡಿದು ವೈ ಫೇಸ್ ಕಾಯಿಲ್ (ಮೂರು ಫೇಸ್‌ಗಳಲ್ಲಿ ಒಂದರದ್ದು) ಕಡೆ ಕೈ ಚಾಚುತ್ತಿದ್ದಾನೆ. ಪ್ಯಾನಲ್‌ನಲ್ಲಿ ವಿಸಿಬಿ (ಟ್ರಾನ್ಸ್‌ಫಾರ್ಮರ್‌ಗೆ ಕರೆಂಟ್ ಕೊಡುವ ವ್ಯಾಕ್ಯೂಮ್ ಸರ್ಕ್ಯೂಟ್ ಬ್ರೇಕರ್) ಆನ್, ಅದನ್ನು ತೋರಿಸುವ ಕೆಂಪು ದೀಪ ಉರಿಯುತ್ತಿದೆ. ಬಟ್ಟೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೂಗೋಣ ಅಂದರೆ ಬೆಚ್ಚಿಬಿದ್ದು ಕೈ ಮುಂದೆ ಹಾಕಿದರೆ? ಓಡಿಹೋಗಿ ಎಳೆಯೋಣ ಅಂದರೆ ಇಬ್ಬರೂ ಹೋಗುತ್ತೇವೆ. ಮೆಲ್ಲಗೆ ಹೇಳಿದೆ: "ತಮ್ಮಾ, ಏನೂ ಮುಟ್ಟಬೇಡ. ಕೈ ಎದೆ ಹತ್ರ ತಗೋ. ಹಾಗೇ ಹಿಂದಕ್ಕೆ ಬಾ." ಅವನು ತಿರುಗಿ ನೋಡಿದ, ನಿಂತ. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದ.

"ಎಣ್ಣೆ ಇಲ್ಲ, ಸೇಫು ಅಂತ ನೀವೇ ಹೇಳ್ತಿದ್ರಲ್ಲ ಸಾರ್. ಪ್ಲಾಸ್ಟಿಕ್ ಥರಾನೇ ಇದೆ" ಅಂದ. ಅವನ ತಪ್ಪೇನಿದೆ? ಕಾಯಿಲ್ ಮೇಲಿನ ರೆಸಿನ್ ನೋಡೋಕೆ ದಪ್ಪ ಹೊದಿಕೆ. ಆದರೆ ಚಾರ್ಜ್ ಆಗಿರುವಾಗ ಅದರ ಮೈಯನ್ನೂ ಲೈವ್, ಅಂದರೆ ಮುಟ್ಟಿದರೆ ಶಾಕ್ ಹೊಡೆಯುವಂಥದ್ದು ಅಂತಲೇ ಲೆಕ್ಕ ಹಾಕಬೇಕು. ವೋಲ್ಟೇಜ್ ಹೊಂದಿಸುವ ಲೋಹದ ಟ್ಯಾಪ್ ಲಿಂಕ್‌ಗಳಂತೂ ಬರಿಮೈಯಲ್ಲೇ ಇರುತ್ತವೆ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಬಾಗಿಲು ತೆರೆದರೂ ಟ್ರಿಪ್ ಯಾಕೆ ಆಗಲಿಲ್ಲ? ಬಾಗಿಲು ತೆರೆದರೆ ಬ್ರೇಕರ್ ಟ್ರಿಪ್ ಮಾಡಿಸಬೇಕಾದ ಲಿಮಿಟ್ ಸ್ವಿಚ್‌ಗೆ ಒಂದು ತುಂಡು ವೈರ್ ಹಾಕಿ ಬೈಪಾಸ್ ಮಾಡಿದ್ದರು. ಸುಮ್ನೆ ಸುಮ್ನೆ ಟ್ರಿಪ್ ಆಗುತ್ತೆ, ಟೆನೆಂಟ್‌ಗಳು ಬೈತಾರೆ ಅನ್ನೋ ಕಾರಣಕ್ಕೆ. ಬೀಗದಕೈ ಬಾಗಿಲಲ್ಲೇ ನೇತಾಡುತ್ತಿತ್ತು. ಆ ಸ್ವಿಚ್ ಸಡಿಲವಾಗಿತ್ತು ಅಷ್ಟೇ. ಬದಲಾಯಿಸೋಕೆ ಎಷ್ಟು ಹೊತ್ತು ಬೇಕಿತ್ತು?

ವೈರ್ ತೆಗೆಸಿ ಹೊಸ ಸ್ವಿಚ್ ಹಾಕಿಸಿದೆವು. ಬೀಗದಕೈ ಈಗ ಶಿಫ್ಟ್ ಇಂಜಿನಿಯರ್ ಹತ್ತಿರ. ಕೆಲಸದ ಲಿಖಿತ ಪರ್ಮಿಟ್ ಇಲ್ಲದೆ ಕೊಡುವ ಹಾಗಿಲ್ಲ. ಬಾಕಿ ಇರುವುದು ಧೂಳು. ಕಾಯಿಲ್ ಮಧ್ಯದ ಗಾಳಿ ಸಂದಿಯಲ್ಲಿ ಧೂಳು ಕೂತರೆ ಬಿಸಿ ಏರುತ್ತದೆ, ಇನ್ಸುಲೇಷನ್ ಆಯಸ್ಸು ಕಡಿಮೆಯಾಗುತ್ತದೆ. ಕರೆಂಟ್‌ನಿಂದ ಪೂರ್ತಿ ಬೇರ್ಪಡಿಸಿ (ಐಸೊಲೇಟ್), ಅರ್ತ್ ಮಾಡಿ, ಒಣ ವ್ಯಾಕ್ಯೂಮ್‌ನಲ್ಲೇ ತೆಗೆಯಬೇಕು. ಅದಕ್ಕೆ ಶಟ್‌ಡೌನ್ ಬೇಕು. ಮ್ಯಾನೇಜ್‌ಮೆಂಟ್ ಮಾತ್ರ ಬ್ರೋಷರ್‌ನಲ್ಲಿ 'ಮೇಂಟೆನೆನ್ಸ್ ಫ್ರೀ' ಅಂತ ಇದೆಯಲ್ಲ ಅನ್ನುತ್ತದೆ. ಒಂದು ಭಾನುವಾರ ಕೊಡಿ ಅಂತ ಮತ್ತೆ ಮೇಲ್ ಹಾಕಿದ್ದೇನೆ. ಈ ಸಲ ಆ ತುಂಡು ವೈರಿನ ಫೋಟೋ ಕೂಡ ಲಗತ್ತಿಸಿದ್ದೇನೆ.