ಪಟ್ಟಿ ಇಲ್ಲದ ಸಿಗಾರ್

ಇವತ್ತು ಕ್ಯೂಬಾದ ವಿನ್ಯಾಲೆಸ್‌ನಲ್ಲಿ ಒಬ್ಬ ತಂಬಾಕು ರೈತರು ತಮಗೆ ಅಂತಲೇ ಸುತ್ತಿಟ್ಕೊಂಡಿದ್ದ ಸಿಗಾರ್ ಒಂದು ಕೈಗಿಟ್ರು. ಬ್ರ್ಯಾಂಡಿಲ್ಲ, ಕಾಗದದ ಪಟ್ಟಿ ಇಲ್ಲ, ಸ್ವಲ್ಪ ಸೊಟ್ಟ ಕೂಡ.

ಬೆಳೇಲಿ 90% ಸರ್ಕಾರಕ್ಕೆ, ಮನೆಗೆ ಉಳಿಯೋ 10%ರಲ್ಲಿ ಮಾಡಿದ್ದಂತೆ. ಎಲೆ ನಡುವಿನ ನರ ಕಿತ್ತು ಸುತ್ತಿದ್ದು, ಬಾಯಿಗಿಡೋ ತುದೀನ ಜೇನುತುಪ್ಪದಲ್ಲಿ ಅದ್ದಿ ಕೊಟ್ರು.

ಆ ಜೇನು! ಮೊದಲು ತುಟಿಗೆ ಸಿಹಿ, ಆಮೇಲೆ ಹೊಗೆ, ಆಮೇಲೆ ಮಳೆ ಬಿದ್ದ ಮಣ್ಣಿನ ಥರ ಏನೋ... ಗರಿ ಹೊದಿಸಿದ ಕೊಟ್ಟಿಗೆ ಬಾಗಿಲಲ್ಲಿ ಕೂತು ಮುಕ್ಕಾಲು ಗಂಟೆ ಸೇದಿದೆ, ಒಳಗೆ ಎಲೆಗಳು ಸಾಲಾಗಿ ನೇತಾಡ್ತಾ ಒಣಗ್ತಿದ್ವು, ಅವ್ರೂ ಮಾತಾಡ್ಲಿಲ್ಲ ನಾನೂ ಆಡ್ಲಿಲ್ಲ.

ಅಜ್ಜ ತೋಟದ ಒಳ್ಳೇ ಮಾವಿನಹಣ್ಣು ಮಾರದೆ ಮನೆಗೆ ಎತ್ತಿಡ್ತಿದ್ರಲ್ಲ, ಅದೇ ನೆನಪಾಗ್ತಿತ್ತು. ಬೆರಳಲ್ಲಿ ಇನ್ನೂ ಆ ವಾಸನೆ ಇದೆ, ಕೈ ತೊಳೆದಿಲ್ಲ.